ಚಂದಮ್ಮನ ಪಿನ್ನು

ದೇಹೂ ರೋಡ್, ಪುಣೆ
20 ಜನವರಿ 2025

ನೀತಾ,

ಬರೆಯುವುದೆಂದರೆ ನನಗೆ ಆಗದ ಕೆಲಸ. ಅದು ನಿನಗೆ ಗೊತ್ತು. ಗೊತ್ತಿದ್ದೇ ಬರೆಸುತ್ತಿದ್ದೀ. ದೇಹೂ ರೋಡಿನಿಂದ ನಿನ್ನ ವಾಕಡಕ್ಕೆ ಬಸ್ಸಿನಲ್ಲಿ ಒಂದು ತಾಸು ಹಿಡಿಯುವುದಿಲ್ಲ. ಫೋನು ಇಬ್ಬರ ಹತ್ತಿರವೂ ಇದೆ. ಆದರೂ ಎಂಟು ದಿನದಿಂದ ನೀ ನನ್ನ ಫೋನು ಎತ್ತುವುದಿಲ್ಲ. ನಿನ್ನ ಅವ್ವ ಶರಣಮ್ಮನ ಮುಂದೆ ಅಂದಿಯಂತೆ, "ಮುತ್ಯಾ ಫೋನಿನಾಗ ಒದರತಾನ. ಏನರ ಹೇಳೋದಿದ್ರ ಬರದು ಕಳಸು ಅನ್ನು. ಕಾಗದದಾಗ ಒದರಾಕ ಬರಂಗಿಲ್ಲ." ಆಕೆ ಇದನ್ನು ಹೇಳಿ ನಕ್ಕಳು. ನಾ ನಗಲಿಲ್ಲ.

ಎಪ್ಪತ್ತೊಂದು ವರ್ಷದವ, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವ, ಪೋಸ್ಟಿನಲ್ಲಿ ಸರದಿ ನಿಂತು ಅಂತರ್ದೇಶೀಯ ಪತ್ರ ಕೇಳಿದೆ. ಕೌಂಟರಿನ ಹುಡುಗಿ ಯಾರಿಗೆ ಬರೆಯುತ್ತೀರಿ ಆಜೋಬಾ ಅಂದಳು. ಮೊಮ್ಮಗಳಿಗೆ ಅಂದೆ. ಎಲ್ಲಿದ್ದಾಳೆ, ದುಬೈಯಲ್ಲಾ ಅಂದಳು. ವಾಕಡದಲ್ಲಿ ಅಂದೆ. ಹಿಂದೆ ನಿಂತವರೆಲ್ಲ ನನ್ನ ಮುಖ ನೋಡಿದರು. ಅದೂ ನಿನ್ನ ದೆಸೆಯಿಂದ.

ಈಗ ಕೇಳು. ಹನ್ನೆರಡನೇ ತಾರೀಖು ನೀವು ಬಾರಿಸುತ್ತಿದ್ದಾಗ ನಾ ಎದ್ದು ಸ್ಟೇಜಿಗೆ ಬಂದು ನಿನ್ನ ತೋಳಿಗೆ ನೂರರ ನೋಟು ಪಿನ್ನಿನಿಂದ ಚುಚ್ಚಿದ್ದು ತಪ್ಪು. ಬರೆದೆ. ಇನ್ನೊಂದು ಸಲ ಬರೆಯುವುದಿಲ್ಲ.

ಆದರೆ ಅದೆಂಥ ಕಾರ್ಯಕ್ರಮ? ಹದಿನಾಲ್ಕು ಮಂದಿ ಕರಿ ಬಟ್ಟೆ ಹಾಕಿಕೊಂಡು ಮಣ್ಣಿಗೆ ಬಂದವರ ಹಾಗೆ ಕುಂತಿದ್ದಿರಿ. ಮೊದಲು ಬಾರಿಸಿದ್ದು, ಮುನ್ನೂರು ವರ್ಷ ಹಳೆಯದು, ಯಾರೂ ಬಾರಿಸುವುದಿಲ್ಲ ಅಂತ ಹೇಳಿದರಲ್ಲ, ನಡುವೆ ಕಪ್ಪೆ ಕೂಗಿದ ಹಾಗೆ, ಕೋಳಿ ಕೆದರಿದ ಹಾಗೆ ಬರುತ್ತಿತ್ತು. ಅದು ನನಗೆ ಸೇರಿತು. ಮುನ್ನೂರು ವರ್ಷದ ಹಿಂದೆಯೂ ಕೋಳಿ ಹಾಗೇ ಕೆದರುತ್ತಿತ್ತು ಅಂತ ತಿಳಿಯಿತು. ಆಮೇಲಿನದು, ಹೊಸದು, ನೀವು ಬಾರಿಸಿದಿರೋ ಬಿಟ್ಟಿರೋ ನನಗಂತೂ ತಿಳಿಯಲಿಲ್ಲ.

ಬಾಗಿಲಿನ ವಾಚ್‌ಮನ್ ನಮ್ಮ ಅಫಜಲಪುರ ಕಡೆಯ ಹುಡುಗ, ಭೀಮು ಅಂತ. ಬಸ್ ಸ್ಟಾಪಿನ ತನಕ ಬಂದು ಹತ್ತಿಸಿ ಹೋದ. ಬೇರೆ ಏನೂ ನಡೆಯಲಿಲ್ಲ.

ನೋಟು ನೀನೇ ಇಟ್ಟುಕೋ. ಪಿನ್ನು ವಾಪಸ್ ಕಳಿಸು.

ನಿನ್ನ ಮುತ್ಯಾ
ಅವ್ವಣ್ಣ


ವಾಕಡ
28 ಜನವರಿ 2025

ಮುತ್ಯಾನಿಗೆ ನಮಸ್ಕಾರ.

ಪತ್ರ ತಲುಪಿತು. ಕಾಗದದಲ್ಲಿಯೂ ನೀನು ಒದರುತ್ತೀ ಎಂದು ನನಗೆ ತಿಳಿದಿರಲಿಲ್ಲ.

ತಪ್ಪು ಎಂದು ಬರೆದು, ಮರು ಸಾಲಿನಲ್ಲೇ ನಮ್ಮ ಕಾರ್ಯಕ್ರಮ ಬೈದಿದ್ದೀ. ನೀನು ಬೈದ ಆ ಹೊಸ ರಚನೆಯನ್ನು ಬರೆದವಳು ಇದೇ ಪುಣೆಯವಳು, ನನಗಿಂತ ಆರು ವರ್ಷ ದೊಡ್ಡವಳು. ಅವತ್ತು ಮೂರನೇ ಸಾಲಿನಲ್ಲಿ ಕುಳಿತಿದ್ದಳು. ಅದರಲ್ಲಿ ಹದಿನಾಲ್ಕು ಜನ ಒಟ್ಟಿಗೆ ಶುರು ಮಾಡುತ್ತೇವೆ. ಒಬ್ಬೊಬ್ಬರೇ ಬಿಲ್ಲು ಇಳಿಸಿ ಸುಮ್ಮನಾಗುತ್ತಾರೆ. ಕಡೆಗೆ ಉಳಿಯುವುದು ನನ್ನ ವಯೊಲಾ, ಆ ದೊಡ್ಡ ಪಿಟೀಲು, ಒಂದೇ. ನಾಲ್ಕು ನಿಮಿಷ ಒಂದೇ ಸ್ವರ. ಅದು ತೆಳ್ಳಗಾಗುತ್ತ ಹೋಗಿ, ಎಲ್ಲಿ ಮುಗಿಯಿತು ಎಂಬುದು ಯಾರಿಗೂ ತಿಳಿಯಬಾರದು. ಆಮೇಲೆ ಅರ್ಧ ನಿಮಿಷ ಯಾರೂ ಅಲುಗಬಾರದು. ಆ ಮೌನವನ್ನೂ ಅವಳೇ ಬರೆದಿದ್ದಾಳೆ.

ಏಳು ತಿಂಗಳು ಆ ಒಂದು ಸ್ವರ ಅಭ್ಯಾಸ ಮಾಡಿದ್ದೆ. ನಮ್ಮನ್ನು ನಡೆಸುವ ಮಧುಕರ ಸರ್ ಅದನ್ನು ಬೇರೆಯವರಿಗೆ ಕೊಡದೆ ನನಗೆ ಕೊಟ್ಟಿದ್ದರು. ಎರಡನೇ ನಿಮಿಷಕ್ಕೆ ನಿನ್ನ ಕಿರ್ರೆನ್ನುವ ಚಪ್ಪಲಿಯ ಸದ್ದು ಕೇಳಿಸಿತು. ಕಣ್ಣು ಮುಚ್ಚಿಕೊಂಡಿದ್ದೆ. ತೆರೆದರೆ ಎದುರಿಗೆ ನೀನು, ಬಾಯಲ್ಲಿ ಪಿನ್ನು ಕಚ್ಚಿಕೊಂಡು ನೋಟು ಮಡಚುತ್ತಿದ್ದೀ. "ಶಾಬ್ಬಾಸ್ ಮಗಳ!" ಎಂದೆ. ಅದು ಸಾಲದು ಎಂದು ಸಭೆಯ ಕಡೆ ತಿರುಗಿ, "ಅವ್ವಣ್ಣ ಮೇಸ್ತ್ರಿ ಕಡಿಂದ ನೂರು ರೂಪಾಯಿ ಆಯೇರಿ!" ಎಂದು ಕೂಗಿದೆ. ಮುನ್ನೂರು ಜನ ನಕ್ಕರು, ಮುತ್ಯಾ. ನನ್ನ ಬಿಲ್ಲು ತಂತಿಯಿಂದ ಜಾರಿತು. ಅವತ್ತಿನ ರೆಕಾರ್ಡಿಂಗನ್ನು ಮುಂಬಯಿಯ ಒಂದು ಸಂಗೀತೋತ್ಸವಕ್ಕೆ ಕಳಿಸುವುದಿತ್ತು. ಈಗ ಅದರಲ್ಲಿ ನಿನ್ನ ಆಯೇರಿ ಇದೆ.

ಮಧುಕರ ಸರ್ ಆಮೇಲೆ ನಿನ್ನ ಬಗ್ಗೆ ಕೇಳಿದಾಗ ಏನೋ ಹೇಳಿ ಮುಗಿಸಿದೆ. ಏನು ಹೇಳಿದೆ ಎಂದು ನೀನು ಕೇಳಬೇಡ.

ನಾನು ಪಾಸು ಕೊಟ್ಟಿದ್ದು ಅವ್ವನಿಗೆ. ನಿನಗೆ ಯಾಕೆ ಕೊಡಲಿಲ್ಲ ಎಂದರೆ, ಹೀಗೆ ಏನಾದರೂ ಆಗುತ್ತದೆ ಎಂದು. ಬರೆಯಲು ಕಷ್ಟವಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ನಿನಗೆ ಮೊಮ್ಮಗಳು ಬಾರಿಸುವುದು ಕೇಳಬೇಕಿರಲಿಲ್ಲ. ಮೊಮ್ಮಗಳನ್ನು ಮಂದಿಗೆ ತೋರಿಸಬೇಕಿತ್ತು, ನಿನ್ನನ್ನೂ ತೋರಿಸಿಕೊಳ್ಳಬೇಕಿತ್ತು.

ಪಿನ್ನು ಡಬ್ಬಿಗಟ್ಟಲೆ ಸಿಗುತ್ತವೆ. ಒಂದು ಡಬ್ಬಿ ಕಳಿಸಲೇ?

ನೀತಾ


ದೇಹೂ ರೋಡ್
5 ಫೆಬ್ರವರಿ 2025

ನೀತಾ,

ಡಬ್ಬಿ ಪಿನ್ನು ನೀನೇ ಇಟ್ಟುಕೋ, ನಿನ್ನ ಗೆಳತಿಯರಿಗೆ ಹಂಚು.

ಅದು ಅಂಗಡಿಯ ಪಿನ್ನಲ್ಲ. ನಿನ್ನ ಅಜ್ಜಿಯ ತಾಳಿಗೆ ಇರುತ್ತಿದ್ದ ಪಿನ್ನು. ಚಂದಮ್ಮನ ತಾಳಿಯಲ್ಲಿ ಯಾವಾಗಲೂ ಎರಡು ಪಿನ್ನು ಜೋಲಾಡುತ್ತಿದ್ದವು, ನೀ ಸಣ್ಣಾಕೆ ಇದ್ದಾಗ ಅವನ್ನೇ ಹಿಡಿದು ಎಳೆಯುತ್ತಿದ್ದೆ. ಆಕೆಯನ್ನು ಮಣ್ಣು ಮಾಡುವ ಮುಂದೆ ತಾಳಿ ಬಿಚ್ಚಿದರು. ಒಂದು ಪಿನ್ನು ನಿನ್ನ ಅವ್ವ ಇಟ್ಟುಕೊಂಡಳು, ಒಂದು ನಾ ಅಂಗಿಯ ಒಳಗಿನ ಕಿಸೆಗೆ ಹಾಕಿಕೊಂಡೆ. ಎರಡು ವರ್ಷ ಅಲ್ಲೇ ಇತ್ತು. ಬಸ್ಸಿನಲ್ಲಿ ಒಂದು ಸಲ ಎದೆಗೆ ಚುಚ್ಚಿತು, ತೆಗೆಯಲಿಲ್ಲ. ಹನ್ನೆರಡನೇ ತಾರೀಖು ತೆಗೆದೆ. ಸಾಕಾ?

ಪಾಸು ನನಗಲ್ಲ ಅಂತ ನನಗೆ ಗೊತ್ತಿತ್ತು. ಶರಣಮ್ಮನಿಗೆ ಕ್ಯಾಂಟೀನಿನಲ್ಲಿ ಆ ಭಾನುವಾರ ಡ್ಯೂಟಿ ಬಂತು. "ಅಪ್ಪಾ, ಪಾಸು ಸುಮ್ನ ಹಾಳಾಗತದ, ನೀನರ ಹೋಗು. ಆದ್ರ ಮೂಲ್ಯಾಗ ಕುಂಡ್ರು, ಆಕಿ ಕಣ್ಣಿಗಿ ಬೀಳಬ್ಯಾಡ" ಅಂದಳು. ಹೆತ್ತ ಮಗಳು. ಧೋತರ ಇಸ್ತ್ರಿ ಮಾಡಿಸಿದೆ. ಮೂಲೆಯಲ್ಲೇ ಕುಂತಿದ್ದೆ.

ಆಯೇರಿ ಅಂದರೆ ನಿನಗೇನು ಗೊತ್ತು? ನಮ್ಮ ಕಡೆ ಸಣ್ಣಾಟದಲ್ಲಿ ಪಾತ್ರಧಾರಿ ಒಳ್ಳೆ ಪದ ಹಾಡಿದರೆ ಮಂದಿ ಅಲ್ಲೇ ಎದ್ದು, ಸ್ಟೇಜಿಗೆ ಹೋಗಿ, ನೋಟು ಎದೆಗೋ ತೋಳಿಗೋ ಚುಚ್ಚಿ ಹೆಸರು ಕೂಗಿಸುತ್ತಾರೆ. ಆಟ ಮುಗಿಯುವ ತನಕ ಯಾರೂ ಕಾಯುವುದಿಲ್ಲ. ಆಯೇರಿ ಬಿದ್ದ ಮೇಲೆ ಹಾಡುವವನ ದನಿ ಏರುತ್ತದೆ. ಯಾರ ದನಿಯೂ ನಿಂತದ್ದು ನಾ ನೋಡಿಲ್ಲ. ನಿನ್ನದು ನಿಂತಿತು. ಅದೇ ನನಗೆ ಈಗಲೂ ಬಗೆಹರಿಯುವುದಿಲ್ಲ.

ಮಂದಿಗೆ ತೋರಿಸಬೇಕಿತ್ತು ಅಂತ ಬರೆದೀಯ. ನಿನಗೆ ಏಳು ವರ್ಷ ಇದ್ದಾಗ ಪುಣೆ ಕ್ಯಾಂಪಿನಲ್ಲಿ ಆ ಗೋವೆಯ ಪಿಟೀಲು ಟೀಚರ್ ಬಾಯಿಯ ಬಂಗಲೆಗೆ ಹೊಸ ಸ್ಲ್ಯಾಬು ಹಾಕಿದೆವು, ಕೆಳಗಿನ ಆಸರೆ ಕಟ್ಟುವ ಸೆಂಟ್ರಿಂಗ್ ನನ್ನದು. ಸಾಲಿ ಸೂಟಿ ಅಂತ ನಿನ್ನನ್ನೂ ಕರಕೊಂಡು ಹೋಗಿದ್ದೆ. ನೀ ಆಕೆಯ ಕಿಟಕಿಗೆ ಮೂಗು ಹಚ್ಚಿ ನಿಂತಲ್ಲಿಂದ ಇಳಿಯಲಿಲ್ಲ. ಕಲಿಸಲೇನು ಅಂತ ಆಕೆಯೇ ಕೇಳಿದಳು. ಅವತ್ತಿನಿಂದ ಹದಿನೈದು ವರ್ಷ ಆಯಿತು. ಈ ಹದಿನೈದು ವರ್ಷದಲ್ಲಿ ನಿನ್ನ ಯಾವ ಕಾರ್ಯಕ್ರಮಕ್ಕೂ ನನ್ನನ್ನು ಕರೆದಿಲ್ಲ. ನಾ ಕೇಳಿದ್ದೇನಾ? ಮಂದಿಗೆ ತೋರಿಸುವವನಾಗಿದ್ದರೆ ಕೇಳುತ್ತಿದ್ದೆ.

ಇನ್ನೊಂದು. ಮೊನ್ನೆ ಸೋಮವಾರ ನಿಮ್ಮ ತಾಲೀಮಿನ ಜಾಗಕ್ಕೆ ಬಂದಿದ್ದೆ. ಮಧುಕರ ಸರ್ ಮುಂದೆ ಕೈ ಮುಗಿದು ತಪ್ಪಾಯಿತು ಅನ್ನೋಣ ಅಂತ. ಗೇಟಿನಿಂದ ತಿರುಗಿ ಬಂದೆ. ನೀವು ಯಾರು ಅಂದರೆ ಏನು ಹೇಳಲಿ? ನೀ ಒಂದು ಹೇಳಿದ್ದೀ. ನಾ ಇನ್ನೊಂದು ಹೇಳಿದರೆ ನಿನ್ನ ಮಾತು ಸುಳ್ಳಾಗುತ್ತದೆ.

ಪಿನ್ನು ಕಳಿಸು.

ಮುತ್ಯಾ


ವಾಕಡ
11 ಫೆಬ್ರವರಿ 2025

ಮುತ್ಯಾ,

ನೀನು ಕೇಳಿಸಿಕೊಂಡೆಯಾ?

ನಿನ್ನ ಪತ್ರದ ಕಡೆಯ ನಾಲ್ಕು ಸಾಲು ಎಷ್ಟು ಸಲ ಓದಿದೆನೋ. ಬಾಗಿಲು ಮುಚ್ಚಿತ್ತು, ನಿನ್ನನ್ನು ಆಗಲೇ ಕರೆದುಕೊಂಡು ಹೋಗಿದ್ದರು ಎಂದೇ ನಾನು ನಂಬಿದ್ದೆ. ನಂಬಬೇಕಿತ್ತು, ಅದಕ್ಕೆ ನಂಬಿದ್ದೆ.

ನಾನೇ ಬರೆಯುತ್ತೇನೆ, ನೀನು ಕೇಳಿಸಿಕೊಂಡಿದ್ದರೂ ಸರಿ. ಸ್ಟೇಜಿನ ಪಕ್ಕದ ಕೋಣೆಯಲ್ಲಿ ಮಧುಕರ ಸರ್ ಎಲ್ಲರ ಎದುರಿಗೆ ಕೇಳಿದರು, "ಹೇ ಕೋಣ್ ಆಹೇತ? ತುಝ್ಯಾ ಓಳಖೀಚೇ?" ಯಾರಿವರು, ನಿನ್ನ ಗುರುತಿನವರೇ ಎಂದು. ಸಿಟ್ಟಿನಿಂದ ಕೇಳಲಿಲ್ಲ. ಗುರುತಿನವರಾದರೆ ಒಳಗೆ ಕರೆದು ಕೂರಿಸೋಣ ಎಂಬ ದನಿಯಲ್ಲಿ ಕೇಳಿದರು. ನಾನು "ನಾಹೀ ಸರ್, ಮಾಹೀತ್ ನಾಹೀ" ಎಂದೆ. ಗೊತ್ತಿಲ್ಲ ಎಂದೆ. ತೋಳಿನಲ್ಲಿ ಆಗಲೂ ನಿನ್ನ ನೋಟು ಇತ್ತು.

ಇನ್ನೂ ಇದೆ. ನನ್ನ ಜೊತೆ ಇರುವ ಶ್ರದ್ಧಾ, ಚೆಲ್ಲೊ ಬಾರಿಸುವವಳು, ಮರುದಿನ ತಾಲೀಮಿನಲ್ಲಿ ನಿನ್ನ ನಡಿಗೆಯನ್ನು ಮಾಡಿ ತೋರಿಸಿದಳು. ಟೊಪ್ಪಿಗೆ ಸರಿ ಮಾಡಿಕೊಳ್ಳುವುದು, ಬಾಯಲ್ಲಿ ಪಿನ್ನು, ಧೋತರದ ಚುಂಗು ಎತ್ತಿ ಮೆಟ್ಟಿಲು ಹತ್ತುವುದು. ಚೆನ್ನಾಗಿ ಮಾಡಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಇದನ್ನು ಅವ್ವನಿಗೂ ಹೇಳಿಲ್ಲ.

ಹದಿನೈದು ವರ್ಷ ಕರೆಯಲಿಲ್ಲ ಎಂದು ಬರೆದಿದ್ದೀ. ಪ್ರತಿ ಸಲ ಎರಡು ಪಾಸು ಕೊಡುತ್ತಿದ್ದರು. ಎರಡನೆಯದು ನನ್ನ ಪುಸ್ತಕದ ನಡುವೆ ಉಳಿಯುತ್ತಿತ್ತು. ಹಳೆಯವು ಇನ್ನೂ ಇವೆ.

ಪಿನ್ನು ನನ್ನ ಹತ್ತಿರ ಇದೆ. ಅಜ್ಜಿಯದು ಎಂದು ತಿಳಿಯುವ ಮೊದಲೂ ಎಸೆದಿರಲಿಲ್ಲ. ಕಳಿಸಲು ಕೈ ಬರುವುದಿಲ್ಲ, ಇಟ್ಟುಕೊಳ್ಳಲು ಮುಖವಿಲ್ಲ.

ಒಂದೇ ಮಾತು ಕೇಳುತ್ತೇನೆ. ಮೂಲೆಯಲ್ಲಿ ಸುಮ್ಮನೆ ಕುಳಿತವನು ಯಾಕೆ ಎದ್ದು ಬಂದೆ?

ನೀತಾ


ವಾಕಡ
3 ಮಾರ್ಚ್ 2025

ಮುತ್ಯಾ,

ಇಪ್ಪತ್ತು ದಿನವಾಯಿತು. ನೀನು ಬರೆಯಲಿಲ್ಲ. ಈಗ ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅಂತರ್ದೇಶೀಯ ಪತ್ರ ನಾಲ್ಕು ತಂದಿಟ್ಟುಕೊಂಡಿದ್ದೀಯಂತೆ, ಎರಡು ಬರೆದು ಹರಿದೆಯಂತೆ, ಅವ್ವ ಹೇಳಿದಳು. ಹರಿದದ್ದರಲ್ಲಿ ಏನಿತ್ತೋ. ಬೈಗುಳವಿದ್ದರೆ ಹರಿಯಬಾರದಿತ್ತು, ಕಳಿಸಬೇಕಿತ್ತು.

ಸುದ್ದಿ ಇಷ್ಟು. ಏಪ್ರಿಲ್ ಆರು, ಭಾನುವಾರ, ಅದೇ ಸಭಾಗೃಹದಲ್ಲಿ ಅದೇ ಕಾರ್ಯಕ್ರಮ ಮತ್ತೆ ಮಾಡುತ್ತೇವೆ, ರೆಕಾರ್ಡಿಂಗಿಗಾಗಿ. ಕಡೆಯ ಸ್ವರ ಈ ಸಲವೂ ನನಗೇ ಕೊಟ್ಟಿದ್ದಾರೆ. ತಾಲೀಮಿನಲ್ಲಿ ಎರಡನೇ ನಿಮಿಷಕ್ಕೆ ಬಂದ ಕೂಡಲೇ ನನ್ನ ಬಿಲ್ಲು ಮತ್ತೆ ಜಾರುತ್ತದೆ. ಮಧುಕರ ಸರ್, ಆ ಮುದುಕರನ್ನು ಮರೆತುಬಿಡು ಎನ್ನುತ್ತಾರೆ. ನಾನು ಆಯಿತು ಸರ್ ಎನ್ನುತ್ತೇನೆ.

ಇದರ ಜೊತೆ ಒಂದು ಪಾಸು ಇಟ್ಟಿದ್ದೇನೆ. ಕಡೆಯ ಸಾಲು, ಬಾಗಿಲಿಗೆ ಹತ್ತಿರ. ಪಕ್ಕದ ಗೇಟಿನಿಂದ ಬಂದರೆ ಯಾರೂ ಕೇಳುವುದಿಲ್ಲ. ದೀಪ ಆರಿಸಿದ ಮೇಲೆ ಒಳಗೆ ಬಾ, ಮುಗಿಯುವ ಮೊದಲು ಎದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಟೊಪ್ಪಿಗೆ ಬೇಡ, ಅದನ್ನು ಜನ ಗುರುತಿಸುತ್ತಾರೆ.

ದಯವಿಟ್ಟು ಬಾ.

ನೀತಾ


ದೇಹೂ ರೋಡ್
17 ಮಾರ್ಚ್ 2025

ನೀತಾ,

ಈ ಸಲ ಪಾಕೀಟು ಕೊಂಡೆ, ಪಾಸು ವಾಪಸ್ ಕಳಿಸಬೇಕಲ್ಲ, ಅದಕ್ಕೆ. ಒಳಗಿದೆ ನೋಡು. ಟೊಪ್ಪಿಗೆ ಇಲ್ಲದೆ ನಾ ಬಚ್ಚಲಿಗೂ ಹೋಗುವವನಲ್ಲ.

ಹರಿದ ಎರಡರಲ್ಲಿ ಬೈಗುಳವೇ ಇತ್ತು. ಬೈದು ಓದಿದರೆ ನನಗೇ ನಾಚಿಕೆಯಾಯಿತು. ನಾ ಬೈಯುವಂಥದ್ದು ನೀ ಏನೂ ಮಾಡಿಲ್ಲ. ನೀ ಅಂದದ್ದನ್ನು ಕೇಳಿಸಿಕೊಂಡೆ, ಹೌದು. ಬಾಗಿಲು ಅರ್ಧ ತೆರೆದಿತ್ತು. ನಾಹೀ ಅನ್ನುವಷ್ಟು ಮರಾಠಿ ನನಗೂ ಬರುತ್ತದೆ, ಐವತ್ತು ವರ್ಷ ಈ ಊರಿನ ಸ್ಲ್ಯಾಬು ಹೊತ್ತಿದ್ದೇನೆ.

ಭೀಮು ನನ್ನ ರಟ್ಟೆ ಹಿಡಿದು ಹೊರಗೆ ತರುತ್ತ ಕೇಳಿದ, "ನೀವು ಯಾರ ಕಡೆಯವರ್ರಿ ಕಾಕಾ? ಆ ಹುಡುಗಿ ನಿಮ್ಮಾಕಿ ಏನು?"

"ಅಲ್ಲಪಾ. ನಾ ಯಾರ ಕಡೆಯವನೂ ಅಲ್ಲ. ತಪ್ಪಿ ಬಂದೀನಿ" ಅಂದೆ.

"ಮತ್ತ ಆಯೇರಿ ಯಾಕ ಹಾಕಿದ್ರಿ?"

"ಹಾಕಬೇಕನಸ್ತು, ಹಾಕಿದೆ. ನಿನಗ ಹಾಕಲೇನು?"

ಅವ ನಕ್ಕ. ಬಸ್ ಸ್ಟಾಪಿನಲ್ಲಿ ಮತ್ತೊಮ್ಮೆ ಕೇಳಿದ. ಮತ್ತೆ ಅಲ್ಲ ಅಂದೆ. ನೀ ಒಂದು ಸಲ ಅಂದಿ, ನಾ ಎರಡು ಸಲ ಅಂದೆ. ಅದಕ್ಕೇ ನಿನಗೆ ಬೈಯಲಾರೆ.

ಈಗ ನೀ ಕೇಳಿದ್ದು. ಯಾಕೆ ಎದ್ದೆ ಅಂತ. ಇದನ್ನು ಚಂದಮ್ಮನಿಗೆ ಒಬ್ಬಳಿಗೆ ಹೇಳಿದ್ದೆ, ಲಗ್ನವಾಗಿ ಒಂಬತ್ತು ವರ್ಷದ ಮೇಲೆ.

ಹದಿನೇಳು ವರ್ಷದ ತನಕ ನಾ ಸಣ್ಣಾಟದಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದೆ. ಸುತ್ತ ಎಂಟು ಹಳ್ಳಿಯಲ್ಲಿ ನನ್ನಂಥ ದನಿ ಇರಲಿಲ್ಲ. ಜಂಬ ಕೊಚ್ಚುತ್ತಿಲ್ಲ, ಇದ್ದದ್ದು ಹೇಳುತ್ತೇನೆ. ಆ ವರ್ಷ ದನಿ ಒಡೆಯಲು ಹತ್ತಿತು. ಯಾರಿಗೂ ಹೇಳಲಿಲ್ಲ. ಸೀರೆ ಉಟ್ಟು ಸ್ಟೇಜಿಗೆ ಹೋದೆ. ಪದ ಅರ್ಧಕ್ಕೆ ಬಂದಾಗ ದನಿ ಕತ್ತೆಯ ಹಾಗೆ ಒಡೆಯಿತು. ಮೊದಲು ಹಾರ್ಮೋನಿಯಂ ಪೇಟಿ ನಿಂತಿತು. ಆಮೇಲೆ ತಬಲಾದವ ಕೈ ಎತ್ತಿದ. ತಾಳ ನಿಂತಿತು. ಹಿಮ್ಮೇಳದವರು ಒಬ್ಬೊಬ್ಬರೇ ಬಾಯಿ ಮುಚ್ಚಿದರು. ಸ್ಲ್ಯಾಬಿನ ಕೆಳಗಿನ ಬಲ್ಲಿ ಕಂಬ ಒಂದೊಂದೇ ಎಳೆದು ಒಂದನ್ನೇ ಉಳಿಸಿದ ಹಾಗೆ. ನಾ ಒಬ್ಬನೇ ಹಾಡುತ್ತಿದ್ದೆ, ನಿಲ್ಲಿಸುವುದು ಹ್ಯಾಗೆ ಅಂತ ತಿಳಿಯದೆ ಹಾಡುತ್ತಿದ್ದೆ. ಮಂದಿ ನಕ್ಕರು.

ಎದುರಿನ ಸಾಲಿನಲ್ಲಿ ನಮ್ಮಪ್ಪ ಕುಂತಿದ್ದ. ಪ್ರತಿ ಆಟದಲ್ಲೂ ಮೊದಲ ಆಯೇರಿ ಅವನದೇ. ಅವತ್ತೂ ನೋಟು, ಪಿನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ನಾ ಕಣ್ಣಾರೆ ನೋಡಿದೆ. ಏಳಲಿಲ್ಲ. ಬಾಜೂದವ ಏನೋ ಅಂದು ನಕ್ಕ. ಅಪ್ಪ ನೋಟು ಮಡಚಿ ಕಿಸೆಗೆ ಹಾಕಿಕೊಂಡ.

ನಾ ಸೀರೆ ಎತ್ತಿಕೊಂಡು ಓಡಿದೆ. ಎಂಟು ದಿನಕ್ಕೆ ಸೆಂಟ್ರಿಂಗ್ ಗ್ಯಾಂಗಿನ ಸಂಗಡ ಪುಣೆಗೆ ಬಂದೆ. ಆಮೇಲೆ ಹಾಡಿಲ್ಲ. ಅಪ್ಪ ಸಾಯುವ ತನಕ ನಾವಿಬ್ಬರೂ ಆ ಮಾತು ತೆಗೆಯಲಿಲ್ಲ.

ಹನ್ನೆರಡನೇ ತಾರೀಖು ನೀವು ಹದಿನಾಲ್ಕು ಮಂದಿ ಇದ್ದಿರಿ. ಒಬ್ಬ ಬಿಲ್ಲು ಇಳಿಸಿದ. ಇನ್ನೊಬ್ಬಳು ಇಳಿಸಿದಳು. ಹತ್ತು ಉಳಿದರು, ಆರು, ಮೂರು. ಕಡೆಗೆ ನೀ ಒಬ್ಬಳೇ. ನೀ ಕಣ್ಣು ಮುಚ್ಚಿದ್ದೆ, ದನಿ ಎಳೆಯಷ್ಟು ಸಣ್ಣಗಾಗಿ ನಡುಗುತ್ತಿತ್ತು. ನಿಮ್ಮ ಸರ್ ಕೂಡ ಕೈ ಇಳಿಸಿ ತಲೆ ಬಗ್ಗಿಸಿ ನಿಂತಿದ್ದ. ಹುಡುಗಿ ಎಲ್ಲೋ ತಪ್ಪಿದಳು, ಎಲ್ಲರೂ ಕೂಡಿ ಕೈ ಬಿಟ್ಟರು ಅಂತ ನನಗೆ ಅನಿಸಿತು. ಅದನ್ನು ಯಾರೋ ಹಾಗೇ ಬರೆದಿದ್ದಾರೆ ಅಂತ ನನಗೆ ಹೇಳುವವರು ಯಾರು? ಪಾಸು ನನ್ನದಲ್ಲ, ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಏಳಬೇಕೋ ಬೇಡವೋ ಅಂತ ಒಂದು ಗಳಿಗೆ ಕುಂತೆ. ಕಿಸೆಯಲ್ಲಿ ಪಿನ್ನು ಕೈಗೆ ಹತ್ತಿತು. ಎದ್ದೆ.

ಶಾಬ್ಬಾಸ್ ಅಂದದ್ದು, ಆಯೇರಿ ಕೂಗಿದ್ದು, ಅಷ್ಟೇ ನಿನಗೆ ಕೇಳಿಸಿದೆ. ಆ ಕೂಗಿನ ಹಿಂದೆಯೇ "ಅಂಜಬ್ಯಾಡ, ನಾ ಬಂದೀನಿ" ಅಂದಿದ್ದೆ. ಮಂದಿಯ ನಗೆಯಲ್ಲಿ ಅದು ಮುಳುಗಿತು.

ನಿನ್ನ ನಾಲ್ಕು ನಿಮಿಷ ಕೆಡಿಸಿದ್ದಕ್ಕೆ ನಾಚಿಕೆ ಇದೆ. ಇನ್ನೊಂದು ಸಲ ಬರೆಯುವುದಿಲ್ಲ ಅಂದಿದ್ದೆ, ಬರೆದೆ. ಆ ಹೊಸದನ್ನು ಬರೆದ ಹುಡುಗಿಗೂ ಹೇಳು. ಅರ್ಧ ನಿಮಿಷದ ಮೌನ ಬರೆಯುವುದು ಸಣ್ಣ ಕೆಲಸವಲ್ಲ, ನಾ ಎರಡು ಕಾಗದ ಹರಿದು ತಿಳಿದುಕೊಂಡೆ.

ಈಗ ಪಾಸಿನ ಮಾತು. ಪಕ್ಕದ ಗೇಟು, ಕಡೆಯ ಸಾಲು, ದೀಪ ಆರಿದ ಮೇಲೆ ಬರುವುದು, ಹತ್ತುವ ಮೊದಲು ಹೋಗುವುದು. ಅದು ಬೇಡ. ನಮ್ಮಪ್ಪ ನೋಟು ಕೈಯಲ್ಲಿ ಹಿಡಿದು ಕಿಸೆಗೆ ಹಾಕಿಕೊಂಡ ಹಾಗೆ ಅದು. ಹಾಕಿಕೊಂಡವನ ಮೋರೆ ಹ್ಯಾಗಿತ್ತು ಅಂತ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ನಿನ್ನ ಮೋರೆ ಹಾಗೆ ನೋಡಲಾರೆ.

ಪಿನ್ನು ವಾಪಸ್ ಕೇಳುವುದಿಲ್ಲ. ಆರನೇ ತಾರೀಖು ತೋಳಿನ ಒಳಗಡೆ, ಯಾರಿಗೂ ಕಾಣದಲ್ಲಿ, ಸಿಗಿಸಿಕೋ. ಎರಡನೇ ನಿಮಿಷಕ್ಕೆ ಬಿಲ್ಲು ಜಾರುವುದಿಲ್ಲ. ಜಾರಿದರೆ ಜಾರಲಿ, ತಂತಿಯಿಂದ ಮಾತ್ರ ಎತ್ತಬೇಡ.

ನಾ ಬರುವುದಾದರೆ ದೊಡ್ಡ ಬಾಗಿಲಿನಿಂದ, ಟೊಪ್ಪಿಗೆ ಹಾಕಿಕೊಂಡೇ ಬರುತ್ತೇನೆ. ಚಪ್ಪಲಿ ಹೊರಗೆ ಬಿಡುತ್ತೇನೆ. ಎರಡೂ ಕೈ ತೊಡೆಯ ಕೆಳಗೆ ಹಾಕಿ ಕುಂಡ್ರುತ್ತೇನೆ, ತಲೆಯ ಮೇಲೆ ಛತ್ತು ಬಿದ್ದರೂ ಏಳುವುದಿಲ್ಲ. ಬಾಗಿಲಲ್ಲಿ ಭೀಮು ಇರುತ್ತಾನೆ. ಯಾರ ಕಡೆಯವರು ಅಂತ ಮತ್ತೆ ಕೇಳುತ್ತಾನೆ. ಅವನ ಕೆಲಸವೇ ಅದು. ಅವತ್ತು ನಾ ಬಾಯಿ ತೆರೆಯುವುದಿಲ್ಲ. ನಾ ಯಾರು ಅಂತ ಮೊದಲು ನೀ ನಿಮ್ಮ ಸರ್ ಮುಂದೆ ಹೇಳಿರಬೇಕು, ಭೀಮುಗೂ ಹೇಳಿರಬೇಕು. ಹೇಳಲು ಆಗದಿದ್ದರೆ ಮನೆಯಲ್ಲಿರುತ್ತೇನೆ, ಸಿಟ್ಟಿಲ್ಲ. ಆದರೆ ಎರಡರಲ್ಲಿ ಯಾವುದು ಅಂತ ನನಗೆ ತಿಳಿಯಬೇಕು.

ಫೋನು ಮಾಡಬೇಡ. ಬರೆ. ಮಾರ್ಚ್ ಇಪ್ಪತ್ತೆಂಟರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.

ಮುತ್ಯಾ